ಎಡ್ ಕೋಲ್

ಎಡ್ವರ್ಡ್ ನಿಕೋಲಸ್ ಕೋಲ್ (17 ಸೆಪ್ಟೆಂಬರ್ 1909 – 2 ಮೇ 1977) ಅಮೇರಿಕದ ವಾಹನ ಎಂಜಿನಿಯರ್ ಹಾಗೂ ಉದ್ಯಮ ಆಡಳಿತಗಾರರು. 1955ನೇ ಮಾದರಿ ವರ್ಷದ ಕಾರುಗಳೊಂದಿಗೆ ಬಂದ ಷೆವರ್ಲೆ ಸ್ಮಾಲ್-ಬ್ಲಾಕ್ ವಿ8 ಎಂಜಿನ್ನಿನ ಅಭಿವೃದ್ಧಿಗೆ ನೇತೃತ್ವ ವಹಿಸಿ ಪ್ರಸಿದ್ಧರಾದರು. 1967ರಿಂದ 1974ರವರೆಗೆ ಜನರಲ್ ಮೋಟಾರ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ಆರಂಭಿಕ ಜೀವನ

ಕೋಲ್ ಅವರು ಮಿಷಿಗನ್ ರಾಜ್ಯದ ಮಾರ್ನ್ ಎಂಬಲ್ಲಿ ಜನಿಸಿದರು. ಫ್ಲಿಂಟ್ ನಗರದ ಜನರಲ್ ಮೋಟಾರ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ವ್ಯಾಸಂಗ ಮಾಡಿ, ಕ್ಯಾಡಿಲಾಕ್ ವಿಭಾಗವನ್ನು ಸೇರಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ಟ್ಯಾಂಕ್‌ಗಳ ವಿನ್ಯಾಸದಲ್ಲಿ ದುಡಿದರು. 1946ರಲ್ಲಿ ಕ್ಯಾಡಿಲಾಕ್‌ನ ಮುಖ್ಯ ಎಂಜಿನಿಯರ್ ಆದರು. 1949ರ ಕ್ಯಾಡಿಲಾಕ್ ಓವರ್‌ಹೆಡ್ ವಾಲ್ವ್ ವಿ8 ಎಂಜಿನ್ ರೂಪಿಸಿದವರಲ್ಲಿ ಅವರೂ ಒಬ್ಬರು.

ಷೆವರ್ಲೆ ಎಂಜಿನ್

1952ರಲ್ಲಿ ಕೋಲ್ ಷೆವರ್ಲೆ ವಿಭಾಗದ ಮುಖ್ಯ ಎಂಜಿನಿಯರ್ ಆಗಿ ನೇಮಕಗೊಂಡರು. ಅವರ ತಂಡ ರೂಪಿಸಿದ 265 ಘನ ಅಂಗುಲದ (ಸುಮಾರು 4.3 ಲೀಟರ್) ವಿ8 ಎಂಜಿನ್ ಹಗುರವಾಗಿದ್ದು, ಕಡಿಮೆ ವೆಚ್ಚದಲ್ಲಿ ತಯಾರಾಗುವಂತಿತ್ತು. ಇದರ ರಾಕರ್ ಆರ್ಮ್‌ಗಳನ್ನು ಉಕ್ಕಿನ ತಗಡಿನಿಂದ ಒತ್ತಿ ಮಾಡಲಾಗಿತ್ತು. ಪೊಳ್ಳಾದ ಪುಶ್‌ರಾಡ್‌ಗಳ ಮೂಲಕವೇ ಎಣ್ಣೆ ಮೇಲಕ್ಕೆ ಹರಿಯುತ್ತಿತ್ತು. 1956ರಲ್ಲಿ ಕೋಲ್ ಷೆವರ್ಲೆ ವಿಭಾಗದ ಮುಖ್ಯಸ್ಥರಾದರು.

ಲಿಫ್ಟರ್‌ಗಳ ಬಗೆ

ಕ್ಯಾಮ್‌ಶಾಫ್ಟಿನ ಚಲನೆಯನ್ನು ಪುಶ್‌ರಾಡ್‌ಗೆ ತಲುಪಿಸುವ ಬಿಡಿಭಾಗವೇ ಲಿಫ್ಟರ್ ಅಥವಾ ಟ್ಯಾಪೆಟ್. ಸ್ಮಾಲ್-ಬ್ಲಾಕ್ ಎಂಜಿನ್ನಿನಲ್ಲಿ ಎರಡು ಮುಖ್ಯ ಬಗೆಗಳು ಬಳಕೆಯಾದವು. ಸಾಮಾನ್ಯ ಕಾರುಗಳಲ್ಲಿ ಹೆಚ್ಚಾಗಿ ಹೈಡ್ರಾಲಿಕ್ ಲಿಫ್ಟರ್ ಇದ್ದರೆ, 1957ರ 283 ಅಶ್ವಶಕ್ತಿಯ ಕಾರ್ವೆಟ್ ಹಾಗೂ 1970ರ ಎಲ್‌ಟಿ-1ರಂತಹ ಅಧಿಕ ಸಾಮರ್ಥ್ಯದ ಎಂಜಿನ್‌ಗಳಲ್ಲಿ ಘನ ಲಿಫ್ಟರ್ ಇತ್ತು. 1987ರಿಂದ ಕಾರ್ಖಾನೆಯ ಎಂಜಿನ್‌ಗಳಲ್ಲಿ ತುದಿಗೆ ಉರುಳೆಯಿರುವ ರೋಲರ್ ಲಿಫ್ಟರ್ ಬಳಕೆಗೆ ಬಂದಿತು.

ಪುನರ್ನಿರ್ಮಿಸಿದ ಎಂಜಿನ್ನಿನಲ್ಲಿ ಈ ಬಗೆಯನ್ನು ಬ್ಲಾಕಿನ ಸಂಖ್ಯೆಯಿಂದ ನಿರ್ಧರಿಸಲಾಗದು. ಏಕೆಂದರೆ ಹಿಂದಿನ ಕೆಲಸಗಾರರು ಕ್ಯಾಮ್‌ಶಾಫ್ಟ್ ಮತ್ತು ಲಿಫ್ಟರ್ ಎರಡನ್ನೂ ಬದಲಿಸಿರಬಹುದು. ವಾಲ್ವ್ ಮುಚ್ಚಿರುವಾಗ ಪುಶ್‌ರಾಡನ್ನು ಒತ್ತಿದರೆ ಹೈಡ್ರಾಲಿಕ್ ಲಿಫ್ಟರಿನ ಒಳಗಿನ ಪ್ಲಂಜರ್ ನಿಧಾನವಾಗಿ ಕುಗ್ಗುತ್ತದೆ; ಘನ ಲಿಫ್ಟರ್ ಕುಗ್ಗುವುದಿಲ್ಲ. ಎಣ್ಣೆ ತುಂಬಿದ ಹೈಡ್ರಾಲಿಕ್ ಲಿಫ್ಟರ್ ಕೂಡ ಗಟ್ಟಿಯಾಗಿ ತೋರಬಹುದಾದ್ದರಿಂದ, ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಲಿಫ್ಟರನ್ನು ಹೊರತೆಗೆದು ನೋಡುವುದೇ ಖಚಿತವಾದ ವಿಧಾನ. ಬಾಯಿಯ ಒಳಗೆ ತಂತಿಯ ಕ್ಲಿಪ್ ಇದ್ದ ಮಾತ್ರಕ್ಕೆ ಅದು ಹೈಡ್ರಾಲಿಕ್ ಎನ್ನಲಾಗದು. ಕೆಲವು ಘನ ಲಿಫ್ಟರ್‌ಗಳಲ್ಲಿಯೂ ಅಂತಹ ಕ್ಲಿಪ್ ಇರುತ್ತದೆ. ಒಳಗೆ ಸ್ಪ್ರಿಂಗಿನ ಮೇಲೆ ಕುಳಿತ ಪ್ಲಂಜರ್ ಇದೆಯೇ ಎಂಬುದೇ ನಿರ್ಣಾಯಕ.

ಈ ಭೇದವನ್ನು ತಿಳಿಯುವುದು ಮುಖ್ಯ. ಘನ ಲಿಫ್ಟರಿಗೆ ಫೀಲರ್ ಗೇಜ್‌ನಿಂದ ಅಳೆದ ಸಣ್ಣ ಅಂತರ ಬೇಕು. ಹೈಡ್ರಾಲಿಕ್ ಲಿಫ್ಟರಿಗೆ ಅಂತರ ಸೊನ್ನೆಯಾದ ಮೇಲೆ ನಟ್ಟನ್ನು ಸುಮಾರು ಒಂದು ಸುತ್ತು ಬಿಗಿಸಬೇಕು. ಘನ ಲಿಫ್ಟರನ್ನು ಹಾಗೆ ಬಿಗಿಸಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೈಡ್ರಾಲಿಕ್ ಲಿಫ್ಟರಿಗೆ ಅಂತರ ಬಿಟ್ಟರೆ ಟಕಟಕ ಸದ್ದು ನಿಲ್ಲುವುದಿಲ್ಲ.

ನಂತರದ ವರ್ಷಗಳು

1960ನೇ ಮಾದರಿ ವರ್ಷದ ಷೆವರ್ಲೆ ಕೊರ್ವೇರ್, ಹಿಂಭಾಗದಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ ಹೊಂದಿದ್ದ ಕಾರು, ಕೋಲ್ ಅವರ ಯೋಜನೆಯೇ ಆಗಿತ್ತು. ಇದರ ಹಿಂಬದಿಯ ಸಸ್ಪೆನ್ಷನ್ ಅಪಾಯಕಾರಿಯೆಂದು ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ತೀವ್ರವಾಗಿ ಟೀಕಿಸಿದರು. ಈ ವಿವಾದ ಕೋಲ್ ಅವರ ಹೆಸರಿಗೂ ಅಂಟಿಕೊಂಡಿತು.

ಅಧ್ಯಕ್ಷರಾಗಿ ಅವರು ಸೀಸರಹಿತ ಪೆಟ್ರೋಲ್ ಮತ್ತು ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗಳ ಪರವಾಗಿ ನಿಂತರು. ಸೀಸವು ಕನ್ವರ್ಟರನ್ನು ನಿಷ್ಕ್ರಿಯಗೊಳಿಸುವುದರಿಂದ ಇವೆರಡೂ ಒಟ್ಟಿಗೇ ಬರಬೇಕಿತ್ತು. 1975ರ ಮಾದರಿಗಳಲ್ಲಿ ಕನ್ವರ್ಟರ್ ವ್ಯಾಪಕವಾಗಿ ಅಳವಡಿಕೆಯಾಯಿತು.

ನಿಧನ

2 ಮೇ 1977ರಂದು ಕೋಲ್ ಅವರು ತಾವೇ ಚಲಾಯಿಸುತ್ತಿದ್ದ ಚಿಕ್ಕ ವಿಮಾನವು ಮಿಷಿಗನ್‌ನ ಕಲಮಜೂ ಬಳಿ ಅಪಘಾತಕ್ಕೀಡಾಗಿ ನಿಧನರಾದರು. ಅವರ ಕಾಲದ ಸ್ಮಾಲ್-ಬ್ಲಾಕ್ ಎಂಜಿನ್‌ಗಳನ್ನು ಹವ್ಯಾಸಿಗಳು ಇಂದಿಗೂ ಪುನರ್ನಿರ್ಮಿಸಿ ಬಳಸುತ್ತಿದ್ದಾರೆ.