ವಿಶ್ವವಿಸ್ತಾರವನ್ನು ಕಂಡ ವಿರಕ್ತ: ಜಾರ್ಜ್ ಲೆಮೈತ್ರ

ಜಾರ್ಜ್ ಲೆಮೈತ್ರರು 1894ರ ಜುಲೈ 17ರಂದು ಬೆಲ್ಜಿಯಂ ದೇಶದ ಶಾರ್ಲ್‌ರುವಾ ಪಟ್ಟಣದಲ್ಲಿ ಜನಿಸಿದರು. ಪ್ರಥಮ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಅವರು 1923ರಲ್ಲಿ ಕ್ರೈಸ್ತ ಗುರುದೀಕ್ಷೆಯನ್ನು ಸ್ವೀಕರಿಸಿ, ಮುಂದೆ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

ಗೆಲಾಕ್ಸಿಗಳೆಂಬ ದೂರದ ತಾರಾಸಮೂಹಗಳ ಬೆಳಕು ಕೆಂಪಿನತ್ತ ಸರಿದಿರುವುದೇಕೆಂಬುದು ಅಂದಿನ ವಿದ್ವಾಂಸರಿಗೆ ಬಿಡಿಸಲಾಗದ ಒಗಟಾಗಿತ್ತು. ಆಕಾಶವೇ ಹಿಗ್ಗುತ್ತಿರುವುದರಿಂದ ಬೆಳಕಿನ ಅಲೆಯೂ ನೀಳವಾಗುತ್ತದೆಂದು ಲೆಮೈತ್ರರು 1927ರಲ್ಲಿ ಗಣಿತಮುಖದಿಂದ ತೋರಿಸಿದರು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುವ ಬೆಳಕನ್ನು ಯಾವ ವಸ್ತುವೂ ಮೀರಲಾರದು. ಆದರೆ ಈ ಕಟ್ಟಳೆ ಆಕಾಶದೊಳಗಣ ಚಲನೆಗಲ್ಲದೆ ಆಕಾಶದ ಹಿಗ್ಗುವಿಕೆಗೆ ಅನ್ವಯಿಸದು. ಆದುದರಿಂದಲೇ ಅತಿದೂರದ ತಾರಾಸಮೂಹಗಳು ಬೆಳಕಿನ ವೇಗವನ್ನೂ ಮೀರಿ ನಮ್ಮಿಂದ ದೂರವಾಗಬಲ್ಲವು.

ಐನ್‌ಸ್ಟೈನರು ಮೊದಲು ಈ ಗಣಿತವನ್ನು ಮೆಚ್ಚಿ, ನಿರ್ಣಯವನ್ನು ನಿರಾಕರಿಸಿದರು. ಲೆಮೈತ್ರರು ಧೃತಿಗೆಡಲಿಲ್ಲ. 1929ರಲ್ಲಿ ಹಬಲ್ಲರ ಅಳತೆಗಳು ಪ್ರಕಟವಾದ ತರುವಾಯ ಐನ್‌ಸ್ಟೈನರೂ ವಿಶ್ವವಿಸ್ತಾರವನ್ನು ಒಪ್ಪಿದರು. 1951ರಲ್ಲಿ ಪೋಪರು ಈ ಸಿದ್ಧಾಂತದಲ್ಲಿ ದೇವಸೃಷ್ಟಿಗೆ ಸಾಕ್ಷ್ಯವನ್ನು ಕಂಡಾಗ ಲೆಮೈತ್ರರು ಹಿಗ್ಗಲಿಲ್ಲ. ಶ್ರದ್ಧೆಯ ಸತ್ಯಕ್ಕೆ ಗಣಿತದ ಊರುಗೋಲು ಬೇಡವೆಂಬುದೇ ಅವರ ನಿಲುವಾಗಿತ್ತು.

ವಿಶ್ವದ ಆದಿಕಾಲದ ಉಳಿಕೆಯಾದ ವಿಕಿರಣವು ಪತ್ತೆಯಾದ ವಾರ್ತೆಯನ್ನು ಕೇಳಿದ ಬಳಿಕ, 1966ರ ಜೂನ್ 20ರಂದು ಅವರು ದಿವಂಗತರಾದರು. ಹಬಲ್ಲರ ಹೆಸರಿನಲ್ಲಿದ್ದ ವಿಸ್ತಾರನಿಯಮಕ್ಕೆ ಲೆಮೈತ್ರರ ಹೆಸರನ್ನೂ ಸೇರಿಸಬೇಕೆಂದು 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘವು ಶಿಫಾರಸು ಮಾಡಿತು. ಕೀರ್ತಿಯನ್ನು ಅರಸದವರನ್ನು ಕೀರ್ತಿಯೇ ಅರಸಿಕೊಂಡು ಬಂದಿತು.