ಗಂಜಿ ಬೇಡವೆನ್ನದ ಸಂತ



ಹೊಸನಗರದಿಂದ ನಗರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಪಕ್ಕದಲ್ಲಿ ಕಾಣುವ ಕೋಟೆಯನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಸಾಗರದವರಿಗೆ ಕೆಳದಿ, ಇಕ್ಕೇರಿಗಳು ಹತ್ತಿರ, ತೀರ್ಥಹಳ್ಳಿಯವರಿಗೆ ಕವಲೇದುರ್ಗ. ಇವೆಲ್ಲ ಒಂದೇ ಅರಸುಮನೆತನದ ನೆಲೆಗಳು. ಅಂದು ಬಿದನೂರೆನಿಸಿದ್ದ ಈ ನಗರದಿಂದ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲದಲ್ಲಿ, ಘಟ್ಟದ ಕೆಳಗಿನ ಆಕೆಯ ಕರಾವಳಿ ಸೀಮೆಗೆ ಗೋವೆಯಿಂದ ಮೂವತ್ತು ವರ್ಷದ ಒಬ್ಬ ಧರ್ಮಗುರು ಬಂದರು. ಅದು 1681ನೆಯ ಇಸವಿ. ಅವರೇ ಸಂತ ಜೋಸೆಫ್ ವಾಜ್.

ಇವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಳಿಯಲ್ಲಿ. ಬೆಳೆದದ್ದು ಸಾಂಕವಾಳದಲ್ಲಿ. 1676ರಲ್ಲಿ ಗುರುದೀಕ್ಷೆ. ಮರುವರ್ಷವೇ ತನ್ನನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಅವರ ಮನಸ್ಸಿದ್ದದ್ದು ಸಿಂಹಳದ ಮೇಲೆ. ಅಲ್ಲಿ ಡಚ್ಚರು ಪೋರ್ಚುಗೀಸರನ್ನು ಹೊರದಬ್ಬಿ, ಕಥೋಲಿಕ ಗುರುಗಳಿಗೆ ಪ್ರವೇಶವನ್ನೇ ನಿಷೇಧಿಸಿದ್ದರು. ಆದರೆ ಹಿರಿಯರು ಕಳುಹಿಸಿದ್ದು ಕೆನರಾಕ್ಕೆ. ಹೋಗಬೇಕೆಂದ ಕಡೆಗೆ ಕಳುಹಿಸದೆ ಬೇರೆ ಕಡೆಗೆ ಕಳುಹಿಸಿದರೆ ಏನೆನಿಸುತ್ತದೆ ಎಂಬುದು ವರ್ಗಾವಣೆ ಕಂಡ ಗುರುಗಳಿಗೂ, ನಿಮ್ಮಲ್ಲಿ ಸರಕಾರಿ ನೌಕರಿಯಲ್ಲಿರುವವರಿಗೂ ಚೆನ್ನಾಗಿ ಗೊತ್ತು!

ಕೆನರಾದಲ್ಲಿ ಅವರಿಗೆ ಎದುರಾದ ಕಷ್ಟ ವಿಚಿತ್ರವಾದದ್ದು. ಕೆಳದಿಯ ಅರಸರು ವೀರಶೈವರು. ಆದರೂ ಪೋರ್ಚುಗೀಸರೊಡನೆ 1678ರಲ್ಲಾದ ಒಪ್ಪಂದದಲ್ಲಿ ಕರಾವಳಿಯ ಕೆಲವೆಡೆ ದೇವಾಲಯ ಕಟ್ಟಲು ಅನುಮತಿ ನೀಡಿದ್ದರು. ವಿಶ್ವಾಸಿಗಳ ನೆಮ್ಮದಿ ಕೆಡಿಸಿದ್ದು ನಮ್ಮವರದೇ ಜಗಳ. ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಒಂದು ಕಡೆ. ಪೋರ್ಚುಗಲ್ ದೊರೆಯ ಹಕ್ಕನ್ನು ಮುಂದಿಟ್ಟು ಅವರನ್ನು ಒಪ್ಪದ ಗೋವೆಯವರು ಇನ್ನೊಂದು ಕಡೆ. ಯಾರು ಕೊಟ್ಟ ಸಂಸ್ಕಾರ ಸಿಂಧು, ಯಾರು ಕೊಟ್ಟದ್ದು ಅಸಿಂಧು ಎಂಬ ಗೊಂದಲದಲ್ಲಿ ಬಡಜನ ಕಂಗೆಟ್ಟಿದ್ದರು. ಫಾದರ್ ವಾಜ್ ಗೋವೆಯ ಕಡೆಯಿಂದ ಬಂದವರು. ಆದರೂ ಅವರು ಆ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡರು. ವಿಶ್ವಾಸಿಗಳ ಆತ್ಮಕ್ಕೆ ಕೇಡಾಗದಂತೆ ಒಪ್ಪಂದದ ದಾರಿ ಹುಡುಕಿದರು. ಎರಡೂ ಕಡೆಯವರಿಂದ ಅನುಮಾನಕ್ಕೆ ಗುರಿಯಾಗುವ ಕೆಲಸ ಅದು.

ಮಂಗಳೂರು, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಹೀಗೆ ಊರೂರು ನಡೆದರು. ಮಕ್ಕಳಿಗೆ ಚಿಕ್ಕ ಶಾಲೆಗಳನ್ನು ತೆರೆದರು. ಹಾಳುಬಿದ್ದ ದೇವಾಲಯಗಳಲ್ಲಿ ಮತ್ತೆ ಬಲಿಪೂಜೆ ನಡೆಯುವಂತೆ ಮಾಡಿದರು. ಮುಡಿಪುವಿನ ಒರತೆಯ ಕಥೆ ನಿಮಗೆಲ್ಲ ಬಾಯಿಪಾಠವಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

1684ರಲ್ಲಿ ಅವರು ಕೆನರಾ ಬಿಟ್ಟು ಗೋವೆಗೆ ಮರಳಿದರು. ಜಗಳ ಪೂರ್ತಿ ಮುಗಿದಿರಲಿಲ್ಲ, ಕೆಲಸವೂ ಮುಗಿದಿರಲಿಲ್ಲ. ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಅಲ್ಲಿ ಅವರು ಏನು ಮಾಡಿದರೆಂದು ನೋಡಿ. ಹಳೆ ಗೋವೆಯ ಪವಾಡ ಶಿಲುಬೆಯ ಗುಡ್ಡದ ಮೇಲೆ ಕೆಲವು ಗೋವೆಯ ಗುರುಗಳು ಒಟ್ಟಾಗಿ ಬಾಳತೊಡಗಿದ್ದರು. ಯೂರೋಪಿನವರ ಮಠಗಳಲ್ಲಿ ಈ ನೆಲದ ಮಕ್ಕಳಿಗೆ ಆಗ ಜಾಗವಿರಲಿಲ್ಲ. 1685ರಲ್ಲಿ ಫಾದರ್ ವಾಜ್ ಆ ಗುಂಪನ್ನು ಸೇರಿದರು. ಸಂತ ಫಿಲಿಪ್ ನೇರಿಯವರ ಮಾದರಿಯ ಒರಟೋರಿಯನ್ ಸಭೆಯಾಗಿ ಅದು ಬೆಳೆಯಿತು. ನಿಯತವಾದ ಪ್ರಾರ್ಥನೆ, ಒಂದೇ ಪಂಕ್ತಿಯ ಊಟ, ಕಷ್ಟ ಹೇಳಿಕೊಳ್ಳಲು ಜೊತೆಗಾರರು. ಸಿಂಹಳಕ್ಕೆ ಅವರು ಹೊರಟದ್ದು ಈ ಮನೆಯಿಂದ. ಮುಂದೆ ಅವರಿಗೆ ಸಹಾಯಕರು ಬಂದದ್ದೂ ಈ ಮನೆಯಿಂದಲೇ. ಪ್ರಭು ಕ್ರಿಸ್ತರು ದಣಿದ ಶಿಷ್ಯರನ್ನು ಏಕಾಂತಕ್ಕೆ ಕರೆದೊಯ್ದದ್ದನ್ನು ಸಂತ ಮಾರ್ಕರ ಆರನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಗುರುಗಳಾದ ನಾವು ಅದರ ಮೇಲೆ ಪ್ರಸಂಗ ಮಾಡುತ್ತೇವೆ, ನಾವೇ ಅದನ್ನು ಪಾಲಿಸುವುದು ಅಪರೂಪ.

1686ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟರು. ಬಡ ಕೂಲಿಯವನ ವೇಷ, ಜೊತೆಗೆ ಜಾನ್ ಎಂಬ ಸೇವಕ. ತೂತುಕುಡಿಯ ಕಡೆಯಿಂದ ದೋಣಿ ಹತ್ತಿ 1687ರಲ್ಲಿ ಜಾಫ್ನಾ ಮುಟ್ಟುವ ಹೊತ್ತಿಗೆ ಅವರಿಗೆ ರಕ್ತಭೇದಿ. ಭಿಕ್ಷೆಗೆ ಹೋಗಲೂ ಕಾಲಲ್ಲಿ ಬಲವಿಲ್ಲ. ಪರದೇಶದ ಇಬ್ಬರು ಭಿಕಾರಿಗಳು ಊರ ಹೊರಗೆ ಬಿದ್ದುಕೊಂಡರು. ಆಗ ಒಬ್ಬ ಹೆಂಗಸು ಗಂಜಿ ತಂದು ಕೊಡುತ್ತಿದ್ದಳೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಒಂದು ದ್ವೀಪಕ್ಕೆಲ್ಲ ಪ್ರೇಷಿತನಾಗಲು ಬಂದವರು ಮೊದಲು ಮಾಡಿದ ಕೆಲಸ ಆ ಗಂಜಿ ಕುಡಿದದ್ದು!

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳಿದ್ದೀರಿ. ಮಳೆಗಾಲದಲ್ಲೂ ತಪ್ಪದೆ ಧರ್ಮೋಪದೇಶಕ್ಕೆ ಬರುವ ಉಪದೇಶಿಗಳಿದ್ದೀರಿ. ನಿಮಗೇ ಜ್ವರ ಬಂದ ದಿನ ಪಕ್ಕದ ಮನೆಯ ಅಮ್ಮ ಒಂದು ಪಾತ್ರೆ ಸಾರು ತಂದರೆ, ಅಯ್ಯೋ, ನಿಮಗ್ಯಾಕೆ ತೊಂದರೆ ಎಂದು ಮುಜುಗರಪಡುತ್ತೀರಲ್ಲವೇ? ಆ ಅಮ್ಮ ಬೇರೆ ಮತದವರಾದರಂತೂ ಇನ್ನಷ್ಟು ಸಂಕೋಚ. ಕೊಡುವ ಕೈ ಮಾತ್ರ ಪುಣ್ಯದ್ದು, ಚಾಚುವ ಕೈ ಕೀಳು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಅದರಲ್ಲಿ ಸ್ವಲ್ಪ ಅಹಂಕಾರವೂ ಇದೆಯೆಂದು ನನ್ನ ಅನುಮಾನ.

ಚೇತರಿಸಿಕೊಂಡ ಫಾದರ್ ವಾಜ್ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಅದನ್ನು ನೋಡಿ ಯಾರ ಕಣ್ಣು ಅರಳುತ್ತದೋ ಆ ಮನೆಯವರು ನಮ್ಮವರೆಂದು ಗುರುತು. ರಾತ್ರಿ ಪೂಜೆ, ಪಾಪನಿವೇದನೆ, ಬೆಳಗಾಗುವ ಮೊದಲೇ ಬೇರೆ ಊರು. ಒಂಬತ್ತು ವರ್ಷ ಆ ದ್ವೀಪಕ್ಕೆಲ್ಲ ಅವರೊಬ್ಬರೇ ಗುರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. ಸೆರೆಯಲ್ಲಿ ಕುಳಿತು ಸಿಂಹಳ ಭಾಷೆ ಕಲಿತರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಅವರ ನಡತೆಯನ್ನು ಗಮನಿಸಿ ಕ್ರಮೇಣ ಬಿಡುಗಡೆ ಕೊಟ್ಟ. ಕ್ರೈಸ್ತರಾದ ಡಚ್ಚರು ಹುಡುಕಿ ಹಿಡಿಯಲೆತ್ನಿಸುತ್ತಿದ್ದ ಕಥೋಲಿಕ ಗುರುವಿಗೆ ಆಸರೆಯಾದದ್ದು ಬೌದ್ಧ ಅರಸನ ರಾಜಧಾನಿ.

1697ರಲ್ಲಿ ಆ ರಾಜಧಾನಿಗೆ ಸಿಡುಬು ಬಂತು. ಜನ ರೋಗಿಗಳನ್ನು ಬಿಟ್ಟು ಬೆಟ್ಟಗಳಿಗೆ ಓಡಿದರು. ಊರಲ್ಲಿ ಉಳಿದವರು ಫಾದರ್ ವಾಜ್ ಮತ್ತು ಅಷ್ಟರಲ್ಲಿ ಗೋವೆಯಿಂದ ಬಂದಿದ್ದ ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ. ಬರಿದಾದ ಮನೆಗಳನ್ನೇ ಆಸ್ಪತ್ರೆ ಮಾಡಿ ರೋಗಿಗಳನ್ನು ಮಲಗಿಸಿದರು, ಉಣಿಸಿದರು, ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತನೋ ಬೌದ್ಧನೋ ಎಂದು ಯಾರನ್ನೂ ಬೇರೆ ಮಾಡಲಿಲ್ಲ. ಜಾಫ್ನಾದ ಊರ ಹೊರಗೆ ತಾನೇ ಬಿದ್ದುಕೊಂಡದ್ದು ಅವರಿಗೆ ಆಗ ನೆನಪಾಗದೆ ಇದ್ದೀತೇ? ಅನಂತರ ಅರಸನ ಗೌರವ ಇನ್ನೂ ಹೆಚ್ಚಿತು.

ಸಹಾಯಕರು ಬಂದ ಮೇಲೆ ಅವರು ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿಲ್ಲ, ಸೀಮೆಗಳನ್ನು ಹಂಚಿಕೊಟ್ಟರು. 1705ರಲ್ಲಿ ಬಂದ ಫಾದರ್ ಜಾಕೊಮೆ ಗೊನ್ಸಾಲ್ವಿಸರನ್ನು ಸಿಂಹಳ ಕಲಿತು ಬರೆಯುವ ಕೆಲಸಕ್ಕೆ ತೊಡಗಿಸಿದರು. ಸಿಂಹಳದ ಕ್ರೈಸ್ತ ಸಾಹಿತ್ಯಕ್ಕೆ ಅಡಿಪಾಯ ಬಿದ್ದದ್ದು ಹೀಗೆ.

ಕೊನೆಗಾಲದಲ್ಲಿ ದೇಹ ಸೋತು ಹಾಸಿಗೆ ಹಿಡಿದರು. ಕಿರಿಯ ಗುರುಗಳ ಆರೈಕೆ ಪಡೆಯುತ್ತಾ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. ಅಲ್ಲಿನ ಅವರ ದೇವಾಲಯ ಉಳಿಯಲಿಲ್ಲ, ಸಮಾಧಿಯ ಗುರುತೂ ಅಳಿಸಿಹೋಯಿತು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ಕೊಲಂಬೊದಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಜಾಫ್ನಾದಲ್ಲಿ ಗಂಜಿ ತಂದ ಆ ಹೆಂಗಸಿನ ಹೆಸರು ಮಾತ್ರ ದೇವರಿಗೇ ಗೊತ್ತು.