ಜೇಡರ ದಾಸಿಮಯ್ಯ: ಸಂತೆಗೆ ಹೋದ ಬಟ್ಟೆ

ನಮ್ಮ ವಚನಕಾರರಲ್ಲಿ ಬಹುಮಂದಿ ಕಸುಬುದಾರರು. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯ ಮೊದಲಾದವರ ಹೆಸರುಗಳೇ ಅವರವರ ಬದುಕಿನ ದಾರಿಯನ್ನು ಹೇಳುತ್ತವೆ. ಕಾಯಕದ ಮಹಿಮೆಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಕಾಯಕವೆಂಬುದು ವಸ್ತುವನ್ನು ಮಾಡಿ ಮುಗಿಸುವುದರೊಡನೆ ಮುಗಿಯುವುದಿಲ್ಲ. ಮಾಡಿದ ವಸ್ತು ಇನ್ನೊಬ್ಬರ ಕೈ ಸೇರಬೇಕು; ಆಗಲೇ ಮಾಡಿದವನ ಮನೆಯಲ್ಲಿ ಒಲೆ ಹೊತ್ತುವುದು. ಬುಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡುವವನು, ಬಟ್ಟೆಯ ಅಂಚನ್ನು ಎಳೆದು ಹಳಿಯುವವನು, ಬೆಲೆ ಕೇಳಿ ಕಿಡಿಕಿಡಿಯಾಗುವವನು, ಇಂಥವರೆಲ್ಲರ ಎದುರಿನಲ್ಲಿ ಕಸುಬುದಾರನು ನಿಲ್ಲಲೇಬೇಕು. ಏಕಾಂತದಲ್ಲಿ ಮಗ್ಗದ ಮುಂದೆ ಶಾಂತನಾಗಿರುವುದು ಸುಲಭ. ಸಂತೆಯಲ್ಲಿ ಶಾಂತನಾಗಿರುವುದು ಕಷ್ಟ. ಈ ಕಷ್ಟದ ಗಳಿಗೆಯನ್ನೇ ನಡುಗಂಬವಾಗಿ ಉಳ್ಳ ಜೀವನ ಕಥೆಯೊಂದು ಕನ್ನಡದಲ್ಲಿದೆ. ಅದು ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನದು.

ದಾಸಿಮಯ್ಯನ ಊರು ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ, ಸುರಪುರ ಸೀಮೆಯ ಮುದನೂರು. ಅಲ್ಲಿನ ರಾಮನಾಥನೇ ಅವನ ಇಷ್ಟದೈವ; ಅವನ ವಚನಗಳ ಅಂಕಿತವೂ ಅದೇ. ಜೇಡನೆಂದರೆ ನೇಯುವವನು. ಬಸವಣ್ಣನೇ ಮೊದಲಾದ 12ನೆಯ ಶತಮಾನದ ಶರಣರು ಅವನನ್ನು ತಮಗಿಂತ ಹಿಂದಿನವನೆಂಬ ಗೌರವದಿಂದ ನೆನೆಯುತ್ತಾರೆ. ಪುರಾಣಗಳು ಅವನನ್ನು ಕಲ್ಯಾಣದ ಚಾಳುಕ್ಯ ದೊರೆ ಜಯಸಿಂಹನ ಕಾಲಕ್ಕೆ ಸೇರಿಸಿ, ರಾಣಿ ಸುಗ್ಗಲೆಯ ಗುರುವೆಂದು ವರ್ಣಿಸುತ್ತವೆ. ಆ ಹೆಸರಿನ ಎರಡನೆಯ ದೊರೆ ಪಟ್ಟವೇರಿದುದು 1015ರಲ್ಲಿ. ಈ ಲೆಕ್ಕವನ್ನು ಒಪ್ಪಿದರೆ ದಾಸಿಮಯ್ಯನು ಬಸವಣ್ಣನಿಗಿಂತ ಸುಮಾರು ನೂರು ವರ್ಷ ಹಿಂದಿನವನಾಗುತ್ತಾನೆ. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ ಎಂದು ಕೆಲವರು ವಿದ್ವಾಂಸರೂ, ಬೇರೆ ಬೇರೆ ಎಂದು ಇನ್ನು ಕೆಲವರೂ ವಾದಿಸಿದ್ದಾರೆ. ಜನಮನ ಮಾತ್ರ ಈ ವಾದಕ್ಕೆ ಕಾಯದೆ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿಕೊಂಡಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಮುಗಿಸಿದ ಕನ್ನಡ ಬಸವಪುರಾಣದಲ್ಲಿಯೂ ಅವನ ಕಥೆ ಬರುತ್ತದೆ. ಅವನ ಬದುಕೆಂದು ನಮಗೆ ಉಳಿದಿರುವುದು ಹೆಚ್ಚಾಗಿ ಇಂಥ ಪುರಾಣಗಳು ಮತ್ತು ಜನರ ಬಾಯಿ ಕಾಪಾಡಿಕೊಂಡು ಬಂದ ಚಿತ್ರ. ಚರಿತ್ರೆಯ ಕಣ್ಣಿಗೆ ಅದು ಪೂರ್ಣ ಸಾಕ್ಷ್ಯವಲ್ಲದಿದ್ದರೂ, ಒಂದು ಸಮಾಜವು ತನ್ನ ಕಸುಬುದಾರನಲ್ಲಿ ಯಾವ ಗುಣವನ್ನು ದೊಡ್ಡದೆಂದು ಎಣಿಸಿತು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ.

ಅವನ ಮದುವೆಯ ಕಥೆಯೂ ಸೊಗಸಾಗಿದೆ. ಮರಳು ಬೆರೆತ ಅಕ್ಕಿಯನ್ನೂ ಕಬ್ಬಿನ ಜಲ್ಲೆಯನ್ನೂ ಹೊತ್ತು ಅವನು ಊರೂರು ತಿರುಗಿದನಂತೆ. ಬೇರೆ ಸೌದೆ, ಬೇರೆ ನೀರು ಮುಟ್ಟದೆ ಇವೆರಡರಿಂದಲೇ ಪಾಯಸ ಮಾಡಬಲ್ಲ ಕನ್ಯೆಯೇ ತನಗೆ ತಕ್ಕವಳೆಂದು ಅವನ ನಿರ್ಧಾರ. ಗೊಬ್ಬೂರಿನ ದುಗ್ಗಳೆ ಅಕ್ಕಿಯಿಂದ ಮರಳನ್ನು ಬೇರ್ಪಡಿಸಿದಳು. ಕಬ್ಬಿನ ರಸವನ್ನು ಹಿಂಡಿ ಅಕ್ಕಿಗೆ ಬಳಸಿದಳು. ಸಿಪ್ಪೆಯನ್ನು ಒಣಗಿಸಿ ಒಲೆಗಿಟ್ಟಳು. ಬಡ ನೇಕಾರನಿಗೆ ಬೇಕಾಗಿದ್ದುದು ಈ ಜಾಣ್ಮೆ. ಮುಂದೆ ದುಗ್ಗಳೆಯೂ ಗಂಡನ ಹೆಸರನ್ನು ರಾಮನಾಥನ ಹೆಸರಿನೊಡನೆ ಸೇರಿಸಿದ ಅಂಕಿತದಲ್ಲಿ ವಚನ ರಚಿಸಿದಳು. ಶರಣ ಸಂಪ್ರದಾಯವು ಈ ದಂಪತಿಗಳನ್ನು ಒಮ್ಮನದ ಸಂಸಾರಕ್ಕೆ ಮಾದರಿಯೆಂದು ಎಣಿಸಿತು.

ಕೈಮಗ್ಗದ ನೇಯ್ಗೆ ಎಷ್ಟು ನಿಧಾನದ ಕೆಲಸವೆಂಬುದನ್ನು ಗಿರಣಿ ಬಟ್ಟೆಗೆ ಒಗ್ಗಿದ ನಾವು ಮರೆತಿದ್ದೇವೆ. ನೂಲಿಗೆ ಗಂಜಿ ಹಾಕಬೇಕು, ಹಾಸನ್ನು ಹೂಡಬೇಕು, ತುಂಡಾದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಬೇಕು. ಲಾಳಿಯನ್ನು ಕೈಯಿಂದ ಕೈಗೆ ದಾಟಿಸಿ ಹೊಕ್ಕಿನ ಒಂದೊಂದು ಎಳೆಯನ್ನೂ ಬಡಿದು ಕೂಡಿಸಬೇಕು. ಹಗ್ಗ ಎಳೆದರೆ ತಾನಾಗಿ ಹಾರುವ ಲಾಳಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದೇ 1733ರಲ್ಲಿ. ಅದಕ್ಕೆ ಏಳು ಶತಮಾನಗಳ ಹಿಂದೆ ಮುದನೂರಿನ ನೇಕಾರನು ಮಗ್ಗದ ಮುಂದೆ ಕುಳಿತು ಒಂದು ಬಟ್ಟೆಯನ್ನು ಮುಗಿಸಬೇಕಾದರೆ ಅದರಲ್ಲಿ ಅವನ ಆಯುಷ್ಯದ ಒಂದು ತುಂಡೇ ಸೇರಿಹೋಗುತ್ತಿತ್ತು. ಮಗ್ಗದ ಉಪಕರಣಗಳ ಹೆಸರುಗಳು ದಾಸಿಮಯ್ಯನ ವಚನದೊಳಕ್ಕೆ ಬಂದು ಆಧ್ಯಾತ್ಮದ ಸಂಕೇತಗಳಾಗಿ ನಿಂತಿರುವುದು ಆಶ್ಚರ್ಯವಲ್ಲ. ಅವನ ಪಾಲಿಗೆ ಪೂಜೆಗೂ ನೇಯ್ಗೆಗೂ ನಡುವೆ ಗೋಡೆಯಿರಲಿಲ್ಲ.

ಇಂಥ ಬಟ್ಟೆಯೊಂದನ್ನು, ಬಹುಕಾಲ ಶ್ರಮಿಸಿ ನೇಯ್ದ ಅಪೂರ್ವ ವಸ್ತ್ರವನ್ನು, ದಾಸಿಮಯ್ಯನು ಹೆಗಲ ಮೇಲೆ ಹಾಕಿಕೊಂಡು ಸಂತೆಗೆ ಹೋದನೆಂದು ಕಥೆ ಹೇಳುತ್ತದೆ. ನೋಡಿದವರೆಲ್ಲ ಮೆಚ್ಚಿದರು, ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗುವಾಗ ಮುದುಕನಾದ ಜಂಗಮನೊಬ್ಬನು ಅಡ್ಡ ಬಂದು ಆ ಬಟ್ಟೆಯನ್ನು ಕೇಳಿದನು. ದಾಸಿಮಯ್ಯನು ಮರುಮಾತಾಡದೆ ಕೊಟ್ಟನು. ಕೊಂಡ ಜಂಗಮನು ಅದನ್ನು ಉಟ್ಟುಕೊಳ್ಳಲಿಲ್ಲ, ಹೊದೆಯಲೂ ಇಲ್ಲ. ಅವನ ಕಣ್ಣೆದುರಿಗೇ ಚೂರು ಚೂರಾಗಿ ಹರಿದನು. ತಲೆಗೊಂದು, ಕೈಗೊಂದು, ಕಾಲಿಗೊಂದು ಚೂರನ್ನು ಸುತ್ತಿಕೊಂಡನು. ನೇಯ್ದವನ ಮುಖದಲ್ಲಿ ಕೋಪ ಏಳುವುದೇ ಎಂದು ನೋಡುತ್ತ ನಿಂತನು. ಕೋಪ ಏಳಲಿಲ್ಲ. ದಾಸಿಮಯ್ಯನು ಆ ವಿಚಿತ್ರ ಮುದುಕನನ್ನು ಮನೆಗೆ ಕರೆದೊಯ್ದನು, ದುಗ್ಗಳೆ ಉಪಚರಿಸಿದಳು. ಶಿವನೇ ಆ ವೇಷದಲ್ಲಿ ಬಂದಿದ್ದನೆಂದೂ, ಅವನು ಕೊಟ್ಟ ಹಿಡಿ ಅಕ್ಕಿ ಎಂದಿಗೂ ಬರಿದಾಗದ ತವನಿಧಿಯಾಯಿತೆಂದೂ ಕಥೆ ಮುಗಿಯುತ್ತದೆ.

ಇಂಥ ಕಥೆಗಳು ನೆರೆಯ ನಾಡಿನಲ್ಲಿಯೂ ಇವೆ. ನೇಕಾರನೆಂದೇ ಪ್ರಸಿದ್ಧನಾದ ತಿರುವಳ್ಳುವರನ ಬಳಿಗೆ ಸಿರಿವಂತ ತರುಣನೊಬ್ಬನು ಬಂದು, ಸೀರೆಯನ್ನು ಎರಡಾಗಿ ಹರಿದು ಅರ್ಧದ ಬೆಲೆ ಕೇಳಿದನಂತೆ; ಮತ್ತೆ ಹರಿದು ಕಾಲರ ಬೆಲೆ ಕೇಳಿದನಂತೆ. ಹತ್ತಿ ಬೆಳೆದವನಿಂದ ಹಿಡಿದು ನೇಯ್ದವನವರೆಗೆ ಎಷ್ಟು ಜನರ ದುಡಿಮೆ ಮಣ್ಣುಪಾಲಾಯಿತೆಂದು ವಳ್ಳುವರನು ಮೆಲ್ಲನೆ ತಿಳಿಸಿದಾಗ ತರುಣನು ನಾಚಿದನು. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಅಮರನೀತಿ ಪೞೈಯಾರೆಯ ಬಟ್ಟೆ ವ್ಯಾಪಾರಿ. ಅವನ ಬಳಿ ಕೌಪೀನವೊಂದನ್ನು ಕಾಪಾಡಲು ಕೊಟ್ಟು ಹೋದ ಬ್ರಹ್ಮಚಾರಿಯು ಹಿಂದಿರುಗಿದಾಗ ಅದು ಕಾಣೆಯಾಗಿತ್ತು. ಹೊಸದನ್ನು ಕೊಡುವೆನೆಂದರೂ ಅವನು ಕೇಳದೆ ರೇಗಾಡಿ, ತನ್ನ ಬಳಿ ಉಳಿದ ಇನ್ನೊಂದು ಕೌಪೀನದ ತೂಕಕ್ಕೆ ಸರಿಯಾದ ಬಟ್ಟೆಯನ್ನು ಕೊಡೆಂದು ಹಟ ಹಿಡಿದನು. ಅಂಗಡಿಯ ಬಟ್ಟೆ, ಮನೆಯ ಚಿನ್ನ ಎಲ್ಲವನ್ನೂ ಹಾಕಿದರೂ ತಕ್ಕಡಿ ಸಮವಾಗದೆ, ಕೊನೆಗೆ ಅಮರನೀತಿಯು ಹೆಂಡತಿ ಮಗನೊಡನೆ ತಾನೇ ತಟ್ಟೆಯನ್ನೇರಿದನು.

ಈ ಮೂವರ ನಡತೆಯನ್ನು ಹೋಲಿಸಿ ನೋಡಿದರೆ ದಾಸಿಮಯ್ಯನ ವಿಶೇಷ ತಿಳಿಯುತ್ತದೆ. ವಳ್ಳುವರನು ಎದುರಿನವನಿಗೆ ಬುದ್ಧಿ ಹೇಳಿ ತಿದ್ದುತ್ತಾನೆ. ಅಮರನೀತಿಯು ಕಾಪಾಡಬೇಕಾದುದನ್ನು ಕಾಪಾಡಲಿಲ್ಲವೆಂಬ ಹೊಣೆಯನ್ನು ಹೊತ್ತು ತನ್ನನ್ನೇ ತೆರುತ್ತಾನೆ. ದಾಸಿಮಯ್ಯನಲ್ಲಿ ತಪ್ಪೂ ಇಲ್ಲ, ಉಪದೇಶವೂ ಇಲ್ಲ. ಕೊಟ್ಟ ಮೇಲೆ ವಸ್ತು ಕೊಂಡವನದು ಎಂಬ ಸರಳ ತಿಳಿವಳಿಕೆ ಮಾತ್ರ ಇದೆ. ಹರಿದವನು ಏಕೆ ಹರಿದನು, ಅವನಿಗೆ ಚಳಿಯೋ, ಹಸಿವೋ, ಮನಸ್ಸಿನ ನೋವೋ ಎಂದು ವಿಚಾರಿಸುವ ಮೊದಲು ಅವನಿಗೆ ಊಟ ಹಾಕಬೇಕೆಂಬ ನಿರ್ಧಾರವಿದೆ.

ಇದನ್ನು ಕೇಳಿ ದಾಸಿಮಯ್ಯನು ಬಾಯಿಲ್ಲದ ಸಾಧು ಎಂದು ಭಾವಿಸಿದರೆ ದೊಡ್ಡ ತಪ್ಪಾಗುತ್ತದೆ. ನಮಗೆ ದೊರೆತಿರುವ ಅವನ 150ಕ್ಕೂ ಹೆಚ್ಚು ವಚನಗಳನ್ನು ಓದಿದವರಿಗೆ ಅವನ ನಾಲಗೆ ಎಷ್ಟು ಹರಿತವೆಂಬುದು ಗೊತ್ತು. ನಾಲ್ಕಾರು ಸಾಲುಗಳಲ್ಲಿ ಅವನು ಡಾಂಭಿಕರ ಬಣ್ಣ ಬಯಲುಮಾಡುತ್ತಾನೆ. ದೇವರು ಕೊಟ್ಟ ನೆಲ, ಬೆಳೆ, ಗಾಳಿಯನ್ನು ಉಂಡು ಬೇರೆಯವರನ್ನು ಹೊಗಳುವವರನ್ನು ಜರೆಯುತ್ತಾನೆ. ಗಂಡು ಹೆಣ್ಣೆಂಬುದು ದೇಹಕ್ಕೆ ಸೇರಿದ್ದೇ ಹೊರತು ಆತ್ಮಕ್ಕಲ್ಲವೆಂದು ತೋರಿಸುತ್ತಾನೆ. ಅಷ್ಟೇಕೆ, ದೇವರನ್ನೂ ಬಿಟ್ಟವನಲ್ಲ. ಒಡಲನ್ನು ಹೊತ್ತವನಿಗೆ ಹಸಿವೂ ಉಂಟು, ಹುಸಿಯೂ ಉಂಟು. ನನ್ನನ್ನು ಗೇಲಿ ಮಾಡುವ ಮೊದಲು ನೀನೂ ಒಮ್ಮೆ ಒಡಲುಗೊಂಡು ನೋಡೆಂದು ರಾಮನಾಥನಿಗೇ ಸವಾಲು ಹಾಕುತ್ತಾನೆ. ಈ ವಚನವನ್ನೂ ಸಂತೆಯ ಕಥೆಯನ್ನೂ ಜೊತೆಯಲ್ಲಿಟ್ಟು ನೋಡಿದರೆ ಹೊಸ ಅರ್ಥ ಹೊಳೆಯುತ್ತದೆ. ಭಕ್ತನು ಕರೆದಂತೆ ದೇವರು ಒಡಲು ಹೊತ್ತು ಬಂದನು. ಬಂದವನು ರಾಜನಾಗಿಯಲ್ಲ, ಯಾವ ಅಂಗಡಿಯವನೂ ಬಯಸದ ಗಿರಾಕಿಯಾಗಿ ಬಂದನು. ಒಡಲುಗೊಂಡವನು ಹೀಗೂ ನಡೆದುಕೊಳ್ಳುತ್ತಾನೆಂಬುದನ್ನು ದಾಸಿಮಯ್ಯನು ಮೊದಲೇ ಬಲ್ಲವನಾಗಿದ್ದನು. ಆದುದರಿಂದಲೇ ಅವನಿಗೆ ಸಿಟ್ಟು ಬರಲಿಲ್ಲ. ಮಾತು ಬಲ್ಲವನು ಮಾತನ್ನು ತಡೆದುಕೊಂಡದ್ದರಿಂದ ಅವನ ಮೌನಕ್ಕೆ ಬೆಲೆ ಬಂದಿತು.

ಕಥೆಯ ಮುಂದಿನ ಭಾಗವನ್ನು ಮರೆಯುವಂತಿಲ್ಲ. ತವನಿಧಿ ದೊರೆತ ಮೇಲೆ ದಾಸಿಮಯ್ಯನಲ್ಲಿ ಕೊಡುವವನ ಹೆಮ್ಮೆ ತಲೆಯೆತ್ತಿತಂತೆ. ಶಂಕರ ದಾಸಿಮಯ್ಯನೆಂಬ ಇನ್ನೊಬ್ಬ ಬಡ ಶರಣನಿಗೆ ತಾನು ನೆರವಾಗುವೆನೆಂದು ಹೊರಟು, ಅವನ ಭಕ್ತಿಯ ಮುಂದೆ ತನ್ನ ಸಿರಿ ಸಣ್ಣದೆಂದು ಕಂಡು ತಲೆತಗ್ಗಿಸಿ ಬಂದನೆಂದು ಪುರಾಣ ಹೇಳುತ್ತದೆ. ಕೋಪವನ್ನು ಗೆದ್ದವನಿಗೆ ಗೆದ್ದೆನೆಂಬ ಹೆಮ್ಮೆ ಕಾದುಕೊಂಡಿರುತ್ತದೆ. ಅದನ್ನೂ ನೀಗಿಕೊಂಡಾಗಲೇ ತಾಳ್ಮೆ ಪೂರ್ಣವಾಗುವುದು. ನಾಯಕನ ಸೋಲನ್ನು ಮುಚ್ಚಿಡದ ಪುರಾಣಕಾರರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಈ ಕಥೆಯನ್ನು ಇಂದು ಪಾಠ ಹೇಳುವಾಗ ಒಂದು ಎಚ್ಚರ ಅಗತ್ಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ಊರುಗಳಲ್ಲಿ ಬೆಳಗ್ಗೆ ಕಾಲೇಜು ಮುಗಿಸಿ ಮಧ್ಯಾಹ್ನ ಜವಳಿ ಅಂಗಡಿಗೋ ದಿನಸಿ ಅಂಗಡಿಗೋ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿದ್ದಾರೆ. ಹಬ್ಬದ ದಿನಗಳಲ್ಲಿ ಐವತ್ತು ಸೀರೆ ಬಿಡಿಸಿ ತೋರಿಸಿದ ಮೇಲೂ ಒಂದನ್ನೂ ಕೊಳ್ಳದೆ ಬೈದು ಹೋಗುವವರ, ಒಗೆದ ಬಟ್ಟೆಯನ್ನು ತಂದು ಬಣ್ಣ ಹೋಯಿತೆಂದು ಕೂಗಾಡುವವರ ಎದುರಿಗೆ ನಿಲ್ಲುವವರು ಅವರೇ. ಅವರಿಗೆ ದಾಸಿಮಯ್ಯನಂತಿರಿ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ದಾಸಿಮಯ್ಯನು ತನ್ನ ಬಟ್ಟೆಗೆ ತಾನೇ ಒಡೆಯ. ಕೊಡುವ ಸ್ವಾತಂತ್ರ್ಯವೂ ಕಳೆದುಕೊಳ್ಳುವ ಸ್ವಾತಂತ್ರ್ಯವೂ ಅವನಿಗಿತ್ತು. ಅಂಗಡಿಯಾಳಿಗೆ ಅದಿಲ್ಲ. ಗಿರಾಕಿಗೆ ಎದುರಾಡಿದರೆ ಯಜಮಾನನ ಸಿಟ್ಟು, ಸೊಪ್ಪು ಹಾಕಿದರೆ ಸಂಬಳದಲ್ಲಿ ಕಡಿತ. ಭಯದಿಂದ ಸುಮ್ಮನಿರುವುದನ್ನು ತಾಳ್ಮೆಯೆಂದು ಕರೆದರೆ ದಾಸಿಮಯ್ಯನಿಗೂ ಅವಮಾನ, ಆ ಮಕ್ಕಳಿಗೂ ಅವಮಾನ. ಬೈಗುಳ ಬಂದಾಗ ಆಳಿನ ಪಕ್ಕದಲ್ಲಿ ಬಂದು ನಿಲ್ಲುವುದು ಅಂಗಡಿಯ ಒಡೆಯನ ಧರ್ಮ. ಆಮೇಲೆ ಆಳು ತೋರುವ ತಾಳ್ಮೆ ಅವನ ಸ್ವಂತದ್ದಾಗುತ್ತದೆ.

ಇಂದು ನೇಕಾರ ಸಮುದಾಯಗಳು ದಾಸಿಮಯ್ಯನನ್ನು ತಮ್ಮ ಹಿರಿಯನೆಂದು ಪೂಜಿಸುತ್ತವೆ. ಕರ್ನಾಟಕ ಸರ್ಕಾರವು ದೇವರ ದಾಸಿಮಯ್ಯ ಜಯಂತಿಯನ್ನು ಆಚರಿಸುತ್ತದೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಇಂಗ್ಲಿಷಿಗೆ ತಂದ ವಚನ ಸಂಕಲನದಲ್ಲಿ ಬಸವಣ್ಣ, ಅಲ್ಲಮ, ಮಹಾದೇವಿಯಕ್ಕರೊಡನೆ ನಾಲ್ಕನೆಯವನಾಗಿ ನಿಂತವನು ಈ ನೇಕಾರನೇ. ಆದರೆ ಸಂತೆಯ ಕಥೆಯನ್ನು ನಾವು ಬಹುಕಾಲದಿಂದ ಮಾರುವವನ ಕಿವಿಗಷ್ಟೇ ಹೇಳುತ್ತ ಬಂದಿದ್ದೇವೆ. ಅದನ್ನು ಕೇಳಬೇಕಾದವರು ಕೊಳ್ಳುವವರೂ ಹೌದು. ಕಥೆಯ ಜಂಗಮನಾದರೋ ಹರಿದುದಕ್ಕೆ ಬದಲಾಗಿ ತವನಿಧಿಯನ್ನು ಕೊಟ್ಟು ಹೋದನು. ಅಂಗಡಿಯ ಕಟ್ಟೆಯ ಮುಂದೆ ನಿಂತು ದನಿಯೇರಿಸುವ ನಾವು ಹಿಂದೆ ಏನನ್ನು ಬಿಟ್ಟು ಬರುತ್ತೇವೆಂಬುದನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.